ಮೆಕ್ಕೆಜೋಳಕ್ಕೆ ಗೊಬ್ಬರ ಬೀಜದ ಪಕ್ಕದಲ್ಲಿರಲಿ

ಶಿಕಾರಿಪುರ ಸೀಮೆಯಲ್ಲಿ ನಮ್ಮದು ಕೆಂಪು ಮಣ್ಣು, ಮಳೆಯಾಶ್ರಯದ ಹೊಲ. ಬಿತ್ತುವಾಗ ಬೀಜ, ಗೊಬ್ಬರ ಎರಡನ್ನೂ ಒಂದೇ ಸಾಲಿಗೆ ಬಿಡುವುದು ಇಲ್ಲಿನ ರೂಢಿ. ನಾನು ಬಿತ್ತುವ ಕೂರಿಗೆಯಲ್ಲಿ ಗೊಬ್ಬರ ಇಳಿಯುವ ತಾಳನ್ನು (ಕೊಳವೆಯನ್ನು) ಬೀಜದ ತಾಳಿನಿಂದ ಮೂರು ಬೆರಳು ಪಕ್ಕಕ್ಕೆ, ಮೂರು ಬೆರಳು ಆಳಕ್ಕೆ ಕಟ್ಟಿಸಿದೆ. ಅಂದರೆ ಸುಮಾರು 5 ಸೆಂ.ಮೀ. ಹೋಲಿಸಿ ನೋಡಲೆಂದು ಹೊಲದ ಒಂದು ಪಟ್ಟಿಯನ್ನು ರೂಢಿಯಂತೆಯೇ ಬಿತ್ತಿಸಿದೆ.

ಬಿತ್ತಿದ ಮೇಲೆ ಮಳೆ ಕೈಕೊಟ್ಟಿತು. ಆಗಲೇ ವ್ಯತ್ಯಾಸ ಕಂಡದ್ದು. ಒಂದೇ ಸಾಲಿಗೆ ಬಿಟ್ಟ ಕಡೆ ಮೊಳಕೆ ಅಲ್ಲಲ್ಲಿ ತಪ್ಪಿತ್ತು, ಹುಟ್ಟಿದ್ದೂ ಒಂದು ದೊಡ್ಡದು ಒಂದು ಸಣ್ಣದು. ಕಿತ್ತು ನೋಡಿದರೆ ಬೇರಿನ ತುದಿ ಕಂದಾಗಿ ಸುಟ್ಟಂತಿತ್ತು. ಗೊಬ್ಬರದ ಲವಣ ಬೀಜಕ್ಕೆ ಸಿಗಬೇಕಾದ ತೇವವನ್ನು ತಡೆಯುತ್ತದೆ. ಯೂರಿಯಾ ಸೇರಿದ್ದರೆ ಅದು ಕರಗಿ ಅಮೋನಿಯಾ ಆಗುವಾಗ ಎಳೆ ಬೇರಿಗೆ ನೇರ ವಿಷ. ಪಕ್ಕಕ್ಕೆ ಬಿಟ್ಟ ಕಡೆ ಬೇರು ಬೆಳ್ಳಗಿತ್ತು, ಗೊಬ್ಬರ ಬಿದ್ದ ಜಾಗಕ್ಕೆ ತಲುಪಿ ಅಲ್ಲೇ ದಟ್ಟವಾಗಿ ಕವಲೊಡೆದಿತ್ತು.

ಮಳೆಯಾಶ್ರಯಕ್ಕೆ ಎಕರೆಗೆ 40 ಕೆಜಿ ಸಾರಜನಕದ ಲೆಕ್ಕ ಹಿಡಿದಿದ್ದೇನೆ. ಬಿತ್ತುವಾಗ ಸಾರಜನಕ, ರಂಜಕ ಎರಡೂ ಇರುವ ಡಿಎಪಿ ಗೊಬ್ಬರ 50 ಕೆಜಿಯ ಒಂದು ಚೀಲ, ಜೊತೆಗೆ ಸ್ವಲ್ಪ ಪೊಟ್ಯಾಷ್. ಡಿಎಪಿಯಲ್ಲೇ 9 ಕೆಜಿ ಸಾರಜನಕ ಬಂತು. ಉಳಿದದ್ದಕ್ಕೆ 45 ಕೆಜಿ ಚೀಲದ ಯೂರಿಯಾ ಒಂದೂವರೆ ಸಾಕು, ಅದೂ ಎರಡು ಕಂತಿನಲ್ಲಿ. ಮೊದಲೆರಡು ವಾರ ಸಸಿ ಬಹುಪಾಲು ಬೀಜದ ಸತ್ವದಲ್ಲೇ ಬದುಕುತ್ತದೆ. ಆಗಲೇ ಎಲ್ಲ ಸುರಿದರೆ ಮಲೆನಾಡಿನ ಮಳೆಗೆ ಬೇರಿನ ಕೆಳಗೆ ಇಳಿದುಹೋಗುತ್ತದೆ.

ಆರಿದ್ರಾ ಮಳೆ ಹಿಡಿದು ಸಸಿ ಹಳದಿಯಾದಾಗ ಪಕ್ಕದ ಹೊಲದವರು, "ಯೂರಿಯಾ ಒಗೀರಿ ಮಾರಾಯ್ರೆ" ಅಂದರು. ನಾನು ಮೊದಲು ಬಸಿಗಾಲುವೆ ತೆಗೆಸಿದೆ. ನೀರು ನಿಂತ ಮಣ್ಣಲ್ಲಿ ಬೇರಿಗೆ ಉಸಿರಿಲ್ಲ. ಗೊಬ್ಬರ ಇದ್ದರೂ ಅದು ಎಳೆದುಕೊಳ್ಳಲಾರದು. ಸಾರಜನಕದ್ದೇ ಕೊರತೆಯಾದರೆ ಹಳದಿ ಕೆಳಗಿನ ಎಲೆಯ ತುದಿಯಿಂದ ನಡುದಿಂಡಿನುದ್ದಕ್ಕೆ ಒಳಗೆ ಇಳಿಯುತ್ತದೆ. ನಮ್ಮಲ್ಲಿ ಇಡೀ ಸಸಿ ಮಂಕಾಗಿತ್ತು. ನೀರು ಬಸಿದ ಮೇಲೆ ಹಸಿರು ತಿರುಗಿತು.

ಯೂರಿಯಾದ ಮೊದಲ ಕಂತು ಐದಾರು ಎಲೆ ಬಂದಾಗ. ಎರಚುವುದಿಲ್ಲ, ಕಾಳು ಸುಳಿಯೊಳಗೆ ಬಿದ್ದರೆ ಎಲೆ ಸುಡುತ್ತದೆ. ಬುಡದಿಂದ ಒಂದು ಗೇಣು ದೂರ ಗೆರೆ ಎಳೆದು ಅದರಲ್ಲಿ ಬಿಟ್ಟು, ಹಿಂದೆಯೇ ಸಾಲಿನ ನಡುವೆ ಎಡೆಕುಂಟೆ ಹೊಡೆಸಿ ಮಣ್ಣು ಮುಚ್ಚಿಸುತ್ತೇನೆ. ಮೇಲೆಯೇ ಬಿಟ್ಟರೆ ಬಿಸಿಲಿಗೆ ಅಮೋನಿಯಾ ಹಾರುತ್ತದೆ, ಜೋರು ಮಳೆ ಬಂದರೆ ಬದುವಿನಾಚೆ ಹೋಗುತ್ತದೆ. ಎರಡನೆಯ ಕಂತು ಪೈರು ಮೊಣಕಾಲು ದಾಟಿದಾಗ, ಬುಡಕ್ಕೆ ಮಣ್ಣು ಏರಿಸುವ ದಿನವೇ. ಅದರಿಂದ ಆಳಿನ ಖರ್ಚೂ ಒಂದು ಸಲ ಉಳಿಯುತ್ತದೆ.