ಬೈಕ್ ಚೈನ್‌ಗೆ ಎಣ್ಣೆ ಹಾಕುವ ಸರಿಯಾದ ಕ್ರಮ

ಸುಮಾರು 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದರೆ ಅಂದೇ, ಚೈನ್‌ಗೆ ಎಣ್ಣೆ ಹಾಕಿ. ಗಾಡಿ ಓಡಿಸಿ ಬಂದು ಚೈನ್ ಬೆಚ್ಚಗಿರುವಾಗಲೇ ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಡಿ. ಹಿಂದಿನ ಚಕ್ರವನ್ನು ಕೈಯಿಂದಲೇ ತಿರುಗಿಸಿ. ಇಂಜಿನ್ ಓಡಿಸಿ ಗೇರ್‌ನಲ್ಲಿ ತಿರುಗಿಸಿದರೆ ಒರೆಸುವ ಬಟ್ಟೆಯ ಜೊತೆ ಬೆರಳೂ ಚೈನ್ ಕೂರುವ ಹಲ್ಲಿನ ಚಕ್ರಕ್ಕೆ (ಸ್ಪ್ರಾಕೆಟ್‌ಗೆ) ಸಿಕ್ಕಿ ತುಂಡಾದೀತು.

ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಬ್ರಷ್‌ನಿಂದ ಕಪ್ಪು ಜಿಡ್ಡು ತೆಗೆದು ಒಣಬಟ್ಟೆಯಿಂದ ಒರೆಸಿ. ಪೆಟ್ರೋಲ್, ತಂತಿ ಬ್ರಷ್ ಎರಡೂ ಬೇಡ. ಅವುಗಳಿಂದ ಚೈನ್ ಕೊಂಡಿಗಳ ಸಂದಿಯ ರಬ್ಬರ್ ಉಂಗುರ (ಓ-ರಿಂಗ್) ಹಾಳಾದರೆ ಒಳಗಿನ ಗ್ರೀಸ್ ಹೋಗಿಬಿಡುತ್ತದೆ, ಮತ್ತೆ ತುಂಬಲಾಗದು.

ಬಳಿಕ 90 ನಂಬರ್ ಗೇರ್ ಆಯಿಲ್ ಅಥವಾ ಚೈನ್ ಸ್ಪ್ರೇಯನ್ನು ಚೈನ್‌ನ ಕೆಳಸಾಲಿನ ಒಳಬದಿಗೆ ಬಿಡಿ. ಚೈನ್ ಓಡುವಾಗ ಎಣ್ಣೆ ಹೊರಕ್ಕೆ ಚಿಮ್ಮುತ್ತದೆ. ಒಳಗಿನಿಂದ ಹಾಕಿದ್ದೇ ರೋಲರ್, ಪ್ಲೇಟುಗಳ ಸಂದಿಗೆ ಇಳಿಯುವುದು. ಅರ್ಧ ಗಂಟೆ ಬಿಟ್ಟು ಮಿಕ್ಕಿದ್ದನ್ನು ಒರೆಸಿ. ಹೆಚ್ಚಾದ ಎಣ್ಣೆಗೆ ಧೂಳು ಅಂಟಿ ಹಲ್ಲುಗಳು ಬೇಗ ಸವೆಯುತ್ತವೆ. ಟೈರ್ ಮೇಲೆ ಹನಿ ಬಿದ್ದಿದ್ದರೆ ಗಾಡಿ ತೆಗೆಯುವ ಮುನ್ನವೇ ಒರೆಸಿ.