ನೈಟ್ ಡ್ಯೂಟಿಯ ನಡುವೆ ಹದಿನಾಲ್ಕು ದಿನದ ಕ್ರೀಮ್: ನನ್ನ ಅನುಭವ

ಯೋನಿಯೊಳಗೆ ಪದೇ ಪದೇ ಬರುವ ಯೀಸ್ಟ್ (ಶಿಲೀಂಧ್ರ) ಸೋಂಕು ಕ್ಲೋಟ್ರಿಮಜೋಲ್ ಕ್ರೀಮ್‌ನಿಂದ ಹೋಗುತ್ತದೆ ಎಂದರೆ ನಮ್ಮ ವಾರ್ಡಿನಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ. "ಏನ್ ಸಿಸ್ಟರ್, ಹುಳುಕಡ್ಡಿಗೆ ಹಚ್ಚೋ ಕ್ರೀಮ್ ಅಲ್ವಾ ಅದು? ಒಳಗಿನ ಯೀಸ್ಟ್‌ಗೆ ನುಂಗೋ ಮಾತ್ರೆನೇ ಬೇಕು" ಎಂದು ಹಿರಿಯ ಅಕ್ಕ ಒಬ್ಬರು ಹೇಳಿದ್ದರು. ಮಾತ್ರೆ ನಾನು ನುಂಗಿರಲಿಲ್ಲವೇ? ಒಂದೇ ವರ್ಷದಲ್ಲಿ ನಾಲ್ಕು ಸಲ ಫ್ಲುಕೊನಜೋಲ್ ಎಂಬ 150 ಎಂಜಿ ಮಾತ್ರೆ ನುಂಗಿದ್ದೆ. ಪ್ರತಿ ಸಲವೂ ವಾರದೊಳಗೆ ಕಡಿಮೆಯಾಯಿತು, ಎರಡು ತಿಂಗಳಿಗೆ ಮತ್ತೆ ಬಂತು. ಕ್ರೀಮ್ ಹಾಕಿಕೊಂಡು ಈಗ ಒಂದೂವರೆ ವರ್ಷ ದಾಟಿದೆ. ಅದಕ್ಕೇ ಬರೆಯುತ್ತಿದ್ದೇನೆ, ಮುಖ್ಯವಾಗಿ ನೈಟ್ ಡ್ಯೂಟಿ ಮಾಡುವ ಸಿಸ್ಟರ್‌ಗಳಿಗೆ.

ಶುರುವಾದದ್ದು ಹಲ್ಲಿನಿಂದ. ದವಡೆ ಊದಿ ಹತ್ತು ದಿನ ಆ್ಯಂಟಿಬಯಾಟಿಕ್ ತೆಗೆದುಕೊಂಡೆ. ಹಲ್ಲು ಸರಿಹೋಯಿತು, ಕೆಳಗೆ ತುರಿಕೆ ಹತ್ತಿಕೊಂಡಿತು. ಒಡೆದ ಹಾಲಿನಂಥ ಬಿಳುಪು, ವಾಸನೆ ಇಲ್ಲ, ಮೂತ್ರ ತಾಗಿದರೆ ಉರಿ. ನಮಗೆಲ್ಲ ಗೊತ್ತಿರುವುದೇ. ಆದರೂ ನಾನು ಮಾಡಿದ್ದೇನು ಗೊತ್ತಾ? ಡ್ಯೂಟಿ ಮುಗಿಸಿ ಬರುವಾಗ ಸ್ಟೆರಾಯ್ಡ್, ಆ್ಯಂಟಿಬಯಾಟಿಕ್, ಆ್ಯಂಟಿಫಂಗಲ್ ಮೂರೂ ಸೇರಿದ ಟ್ಯೂಬ್ ತಂದು ಹೊರಗಡೆ ಹಚ್ಚಿಕೊಂಡೆ. ಎರಡೇ ದಿನಕ್ಕೆ ತುರಿಕೆ ಮಾಯ. ಬಿಟ್ಟ ಮೂರನೇ ದಿನ ಮೊದಲಿಗಿಂತ ಜಾಸ್ತಿ. ಹೀಗೆ ನಾಲ್ಕು ಟ್ಯೂಬ್ ಮುಗಿಸಿದೆ. ತೊಡೆಸಂದಿನ ಚರ್ಮ ತೆಳುವಾಗಿ ಹೊಳೆಯತೊಡಗಿದಾಗ ಹೆದರಿ ನಿಲ್ಲಿಸಿದೆ.

ಆ ಒಂದು ವರ್ಷದ ಖರ್ಚು ಹೇಳುತ್ತೇನೆ. ಟ್ಯೂಬ್‌ಗಳಿಗೆ ನಾನೂರು ಚಿಲ್ಲರೆ. ತೊಳೆಯಲೆಂದು ತಂದ ಪರಿಮಳದ ಲಿಕ್ವಿಡ್ ಎರಡು ಬಾಟಲಿ, ಐನೂರರ ಹತ್ತಿರ. ಅದರಿಂದ ಉರಿ ಹೆಚ್ಚಾಯಿತೇ ಹೊರತು ಬೇರೇನೂ ಆಗಲಿಲ್ಲ. ಪ್ರೊಬಯಾಟಿಕ್ ಕ್ಯಾಪ್ಸೂಲ್‌ಗೆ ಸಾವಿರ. ಕನ್ಸಲ್ಟೇಶನ್ ಎಲ್ಲ ಸೇರಿ ಐದು ಸಾವಿರ ಹೋಗಿರಬೇಕು.

ಕೊನೆಗೆ ಒಬ್ಬ ಡಾಕ್ಟರ್ ಮೇಡಂ ಔಷಧಿ ಬರೆಯುವ ಮುಂಚೆ ಸ್ಮಿಯರ್ ಮಾಡಿಸಿದರು, ಅಂದರೆ ಒಳಗಿನ ಬಿಳುಪನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುವ ಪರೀಕ್ಷೆ. ಲ್ಯಾಬಿನ ಹುಡುಗಿ ಕೆಒಎಚ್ ಎಂಬ ದ್ರಾವಣದ ಹನಿ ಹಾಕಿ ನನ್ನನ್ನೇ ಕರೆದು ತೋರಿಸಿದಳು. ಮೊಗ್ಗೊಡೆಯುತ್ತಿರುವ ಯೀಸ್ಟ್, ಜೊತೆಗೆ ಉದ್ದನೆಯ ಎಳೆಗಳು. ಶುಗರ್ ನೋಡಿದರು, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.5 ಆಸುಪಾಸು, ತೊಂದರೆ ಇರಲಿಲ್ಲ. ಕ್ಲೋಟ್ರಿಮಜೋಲ್ 1 ಪರ್ಸೆಂಟ್ ಕ್ರೀಮ್, ಅದನ್ನು ಒಳಗೆ ಹಾಕುವ ಕೊಳವೆಯಲ್ಲಿ, ಅಂದರೆ ಅಪ್ಲಿಕೇಟರ್‌ನಲ್ಲಿ 5 ಗ್ರಾಂ, ಏಳು ರಾತ್ರಿ ಎಂದು ಬರೆದರು.

ಅದೂ ಫೇಲಾಯಿತು. ಅಕ್ಕ "ನಾನು ಹೇಳಲಿಲ್ಲವಾ" ಎಂದರು. ನನಗೆ ಅಳುವೇ ಬಂತು.

ಆ ವಾರ ಪೂರ್ತಿ ನನಗೆ ನೈಟ್ ಇತ್ತು. ಸಂಜೆ ಏಳೂವರೆಗೆ ಕ್ರೀಮ್ ಹಾಕಿ ಎಂಟಕ್ಕೆ ಡ್ಯೂಟಿಗೆ ನಿಲ್ಲುತ್ತಿದ್ದೆ. ಹನ್ನೊಂದಕ್ಕೆ ಪ್ಯಾಡ್ ನೋಡಿದರೆ ಹಾಕಿದ್ದರಲ್ಲಿ ಮುಕ್ಕಾಲು ಪಾಲು ಅಲ್ಲೇ. ಚೀಟಿಯಲ್ಲಿ ಇದ್ದದ್ದು "ರಾತ್ರಿ ಮಲಗುವಾಗ" ಎಂದು. ನಾನು "ರಾತ್ರಿ" ಹಿಡಿದೆ, "ಮಲಗುವಾಗ" ಬಿಟ್ಟೆ. ಇದು ಹೊಳೆದ ದಿನವೇ ಮೇಡಂ ಹತ್ತಿರ ಹೋಗಿ ಹೇಳಿದೆ. ಪದೇ ಪದೇ ಬರುತ್ತಿದೆಯಲ್ಲ ಎಂದು ಅವರು ಈ ಸಲ ಹದಿನಾಲ್ಕು ದಿನ ಬರೆದರು. ಸಮಯ ಮಾತ್ರ ನಾನೇ ಬದಲಿಸಿಕೊಂಡೆ.

ಮುಟ್ಟು ಮುಗಿದ ಮರುದಿನ ಶುರು ಮಾಡಿದೆ. ಬೆಳಿಗ್ಗೆ ಡ್ಯೂಟಿ ಇಳಿದು ಬಂದು, ತಿಂಡಿ ತಿಂದು, ಮೂತ್ರಕ್ಕೆ ಹೋಗಿ ಬಂದು, ಒಂಬತ್ತೂವರೆಗೆ ಹಾಕಿಕೊಂಡು ಮಲಗಿದರೆ ಮೂರು ಗಂಟೆವರೆಗೆ ಏಳುತ್ತಿರಲಿಲ್ಲ. ಮೊದಲ ಹತ್ತು ನಿಮಿಷ ಕ್ರೀಮ್ ಹೊರಗೆ ಬರದಂತೆ ಮಲಗುವ ರೀತಿ ಒಂದಿದೆ. ಅದನ್ನು ಬರೆದು ತಿಳಿಸುವುದು ಕಷ್ಟ, ಎದುರಿಗೆ ಕೇಳಿದವರಿಗೆ ಹೇಳಿಕೊಡುತ್ತೇನೆ. ನಾಲ್ಕನೇ ದಿನಕ್ಕೆ ತುರಿಕೆ ನಿಂತಿತು. ನಾವು ಸಾಮಾನ್ಯವಾಗಿ ಟ್ಯೂಬ್ ಎತ್ತಿಡುವುದು ಅಲ್ಲೇ. ನಾನು ಎತ್ತಿಡಲಿಲ್ಲ. ಹದಿನಾಲ್ಕಕ್ಕೆ 70 ಗ್ರಾಂ ಬೇಕು, 30 ಗ್ರಾಂನ ಟ್ಯೂಬ್ ಮೂರು ತಂದೆ, ಮುನ್ನೂರೈವತ್ತರೊಳಗೆ ಮುಗಿಯಿತು. ಅಪ್ಲಿಕೇಟರ್ ಬಿಸಿನೀರು, ಸೋಪಿನಲ್ಲಿ ತೊಳೆದರೆ ಸಾಕು. ಒಂದನ್ನು ಕುದಿಸಿದೆ, ಸೊಟ್ಟಗಾಯಿತು. ಅಷ್ಟೂ ದಿನ ಯಜಮಾನರಿಂದ ದೂರವೇ ಇದ್ದೆ. ಈ ಕ್ರೀಮ್ ತಾಗಿದರೆ ಕಾಂಡೋಮ್‌ನ ರಬ್ಬರ್ ಹಾಳಾಗುತ್ತದೆ, ಇದು ನಮ್ಮಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಆಮೇಲೆ ಆರು ತಿಂಗಳು ವಾರಕ್ಕೊಂದು 500 ಎಂಜಿ ಕ್ಲೋಟ್ರಿಮಜೋಲ್, ಒಳಗಿಡುವ ಮಾತ್ರೆ. ಭಾನುವಾರ ಎಂದು ಗೊತ್ತು ಮಾಡಿಕೊಂಡಿದ್ದೆ. ಎರಡು ಭಾನುವಾರ ತಪ್ಪಿರಬಹುದು. ಖರ್ಚು ಒಂದೂವರೆ ಸಾವಿರದ ಆಚೀಚೆ.

ನಡುವೆ ಒಂದೆರಡು ಪ್ರಯೋಗವನ್ನೂ ಮಾಡಿದೆ. ವಾರ್ಡಿನ ಯೂರಿನ್ ಸ್ಟ್ರಿಪ್‌ನಲ್ಲಿ ಪಿಎಚ್, ಅಂದರೆ ಒಳಗಿನ ಹುಳಿಯ ಅಳತೆ, ನೋಡೋಣ ಎಂದರೆ ಅದು 5ರಿಂದಲೇ ಶುರುವಾಗುತ್ತದೆ, ನಮಗೆ ಬೇಕಾದದ್ದು ಅದಕ್ಕಿಂತ ಕೆಳಗೆ. ಲ್ಯಾಬ್ ಸಾಮಾನು ಮಾರುವ ಅಂಗಡಿಯಿಂದ ಬೇರೆ ಪಿಎಚ್ ಪೇಪರ್ ತಂದೆ. ತುರಿಕೆ ಇದ್ದಾಗಲೂ 4, ವಾಸಿಯಾದ ಮೇಲೂ 4. ಯೀಸ್ಟ್‌ನಲ್ಲಿ ಪಿಎಚ್ ಏರುವುದಿಲ್ಲ. 4.5 ದಾಟಿ ಮೀನಿನ ವಾಸನೆ ಬಂದರೆ ಅದು ಬೇರೆ ಕಾಯಿಲೆ, ಈ ಕ್ರೀಮ್ ಅಲ್ಲಿ ಕೆಲಸ ಮಾಡದು. ಮೊಸರನ್ನೂ ಹಚ್ಚಿ ನೋಡಿದ್ದೆ. ಅರ್ಧ ಗಂಟೆ ತಂಪು, ಅಷ್ಟೇ.

ಆಮೇಲೆ ನಮ್ಮ ಜೂನಿಯರ್ ಒಬ್ಬಳಿಗೆ ಏಳು ತಿಂಗಳ ಬಸುರಿನಲ್ಲಿ ಇದೇ ಆಯಿತು. ಬಸುರಿಗೆ ನುಂಗುವ ಮಾತ್ರೆ ಕೊಡುವುದಿಲ್ಲ. ಮೇಡಂ ಏಳು ದಿನದ ಕ್ಲೋಟ್ರಿಮಜೋಲ್ ಬರೆದು, ಅಪ್ಲಿಕೇಟರ್ ಒತ್ತಿ ತೂರಿಸಬೇಡ ಎಂದು ಎಚ್ಚರ ಹೇಳಿದರು. ಅವಳದೂ ನೈಟ್. ನನ್ನ ಹಾಗೆಯೇ ಬೆಳಿಗ್ಗೆ ಹಾಕಿಕೊಂಡು ಮಲಗಿದಳು, ಏಳನೇ ದಿನಕ್ಕೆ ಆರಾಮ.

ಕಳೆದ ತಿಂಗಳು ಅದೇ ಹಿರಿಯ ಅಕ್ಕ ಕ್ಯಾಂಟೀನಿನಲ್ಲಿ ಪಕ್ಕಕ್ಕೆ ಕರೆದರು. ಮಗಳಿಗೆ ಮೂರನೇ ಸಲವಂತೆ. "ಯಾವ ಟ್ಯೂಬು ಅದು, ಎಷ್ಟು ಹೊತ್ತು ಮಲಗಬೇಕು?" ಎಂದು ಮೆಲ್ಲಗೆ ಕೇಳಿದರು. "ಮೊದಲು ಸ್ಮಿಯರ್ ಮಾಡಿಸಿ ಅಕ್ಕ, ಆಮೇಲೆ ನಾನೇ ಮನೆಗೆ ಬಂದು ತೋರಿಸ್ತೀನಿ" ಎಂದೆ.