‘ಆಕ್ಸೆಪ್ಟ್’ಗೆ ಆಪೋಸಿಟ್ ಯಾವುದು? ರೆಫ್ಯೂಸ್, ರಿಜೆಕ್ಟ್, ಡಿಕ್ಲೈನ್, ಡಿನೈ ಎಲ್ಲೆಲ್ಲಿ ಹಾಕ್ಬೇಕು ಅಂತ ನೋಡೋಣ

ಆಕ್ಸೆಪ್ಟ್ ಅನ್ನೋ ವರ್ಬ್‌ಗೆ ಆಪೋಸಿಟ್ ಹೇಳಿ ಅಂದ್ರೆ ಸುಮಾರು ಜನ ರಿಜೆಕ್ಟ್ ಅಂತಾರೆ, ಇನ್ನು ಕೆಲವ್ರು ರೆಫ್ಯೂಸ್ ಅಂತಾರೆ, ಎರಡೂ ಸರಿನೇ. ತೊಂದ್ರೆ ಬರೋದು ಅದನ್ನ ವಾಕ್ಯದಲ್ಲಿ ಕೂರಿಸೋವಾಗ. ರೆಫ್ಯೂಸ್, ರಿಜೆಕ್ಟ್, ಡಿಕ್ಲೈನ್, ಡಿನೈ ಈ ನಾಲ್ಕಕ್ಕೂ ಕನ್ನಡದಲ್ಲಿ ‘ನಿರಾಕರಿಸು’ ಅಂತ ಒಂದೇ ಅರ್ಥ ಓದ್ಕೊಂಡು ಬಂದಿರ್ತೀವಿ, ಹಾಗಾಗಿ ಯಾವುದು ಬಾಯಿಗೆ ಬಂತೋ ಅದನ್ನ ಹಾಕ್ಬಿಡ್ತೀವಿ. ಆದ್ರೆ ಇಂಗ್ಲಿಷಲ್ಲಿ ಈ ನಾಲ್ಕೂ ಬೇರೆ ಬೇರೆ ಕೆಲಸ ಮಾಡ್ತವೆ, ಎಲ್ಲಾ ಕಡೆ ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ.

ಮೊದಲು ಮಾಡ್ಬೇಕಾದ್ದು ಏನಂದ್ರೆ, ಆಪೋಸಿಟ್ ಹುಡುಕೋಕೆ ಹೋಗೋ ಮುಂಚೆ ಇಲ್ಲಿ ಆಕ್ಸೆಪ್ಟ್ ಅಂದ್ರೆ ಏನು ಅಂತ ಕೇಳ್ಕೊಳ್ಳಿ. ಯಾರೋ ಕೊಟ್ಟಿದ್ದನ್ನ ತಗೊಳ್ಳೋದೂ ಆಕ್ಸೆಪ್ಟೇ, ಅರ್ಜಿ ನೋಡಿ ಇದು ಸರಿ ಇದೆ ಅಂತ ಒಪ್ಪೋದೂ ಆಕ್ಸೆಪ್ಟೇ, ಒಂದು ಮಾತು ನಿಜ ಅಂತ ಒಪ್ಕೊಳ್ಳೋದೂ ಅದೇ, ಬದಲಾಯಿಸೋಕಾಗದ ಕಷ್ಟಾನ ಹೌದು ಹೀಗಾಗಿದೆ ಅಂತ ಮನಸ್ಸಿಗೆ ತಂದ್ಕೊಳ್ಳೋದೂ ಅದೇ. ಅರ್ಥ ಬದಲಾದ ಹಾಗೆ ಆಪೋಸಿಟ್ಟೂ ಬದಲಾಗತ್ತೆ, ನನ್ನ ಪ್ರಕಾರ ಇಷ್ಟು ತಲೇಲಿ ಇಟ್ಕೊಂಡ್ರೆ ಅರ್ಧ ಕೆಲಸ ಮುಗೀತು.

ರೆಫ್ಯೂಸ್ ಅಂದ್ರೆ ‘ಆಗಲ್ಲ, ಒಲ್ಲೆ’ ಅಂತ ಗಟ್ಟಿಯಾಗಿ ಹೇಳೋದು. ಇದರಲ್ಲಿ ಹಠ ಇದೆ. ಕೊಟ್ಟಿದ್ದನ್ನ ಬೇಡ ಅನ್ನೋಕೂ ಬಳಸ್ಬಹುದು, ಒಂದು ಕೆಲಸ ಮಾಡಲ್ಲ ಅನ್ನೋಕೂ ಬಳಸ್ಬಹುದು. ‘ಶಿ ರೆಫ್ಯೂಸ್ಡ್ ಟು ಸೈನ್’ ಅಂದ್ರೆ ಅವಳು ಸೈನ್ ಹಾಕಲ್ಲ ಅಂದ್ಬಿಟ್ಳು.

ರಿಜೆಕ್ಟ್ ಅಂದ್ರೆ ನೋಡಿ, ತೂಗಿ, ಇದು ಬೇಡ ಅಂತ ತಳ್ಳಿಹಾಕೋದು. ಮೂಲ ಲ್ಯಾಟಿನ್ನಲ್ಲಿ ಇದರ ಅರ್ಥ ‘ವಾಪಸ್ ಎಸೆ’ ಅಂತ, ಆ ಎಸೆಯೋ ಭಾವ ಇವತ್ತಿಗೂ ಪದದಲ್ಲಿ ಉಳ್ಕೊಂಡಿದೆ. ಅರ್ಜಿ, ಪ್ರಸ್ತಾಪ, ವಾದ, ಕ್ವಾಲಿಟಿ ಸರಿ ಇಲ್ಲದ ಮಾಲು ಇವೆಲ್ಲ ರಿಜೆಕ್ಟ್ ಆಗೋದು. ಕಸಿ ಮಾಡಿದ ಕಿಡ್ನಿಯನ್ನ ದೇಹ ಒಪ್ಪದೇ ಇದ್ರೂ ಡಾಕ್ಟರ್‌ಗಳು ಹೇಳೋದು ರಿಜೆಕ್ಟ್ ಅಂತಾನೇ, ಅಲ್ಲಿ ರೆಫ್ಯೂಸ್ ಹಾಕಿದ್ರೆ ನಡೆಯಲ್ಲ.

ಡಿಕ್ಲೈನ್ ನಯವಾದ ಪದ, ‘ಬೇಡ, ಕ್ಷಮಿಸಿ’ ಅನ್ನೋ ಥರ. ಯಾರಾದ್ರೂ ಫಂಕ್ಷನ್‌ಗೆ ಕರೆದಾಗ, ಕೆಲಸದ ಆಫರ್ ಕೊಟ್ಟಾಗ ಮನಸ್ಸು ನೋಯಿಸದೇ ಬೇಡ ಅನ್ಬೇಕಿದ್ರೆ ಇದೇ ಸರಿ. ಅದಕ್ಕೇ ಪತ್ರ ಅಥವಾ ಮೇಲ್ ಬರೆಯೋವಾಗ ‘ಐ ರಿಜೆಕ್ಟ್ ಯುವರ್ ಆಫರ್’ ಅಂತ ಬರೀಬೇಡಿ ಅಂತ ನಾನು ಖಂಡಿತ ಹೇಳ್ತೀನಿ, ಗ್ರಾಮರ್ ತಪ್ಪಿಲ್ಲ ಆದ್ರೆ ಓದಿದವ್ರಿಗೆ ಮುಖಕ್ಕೆ ಹೊಡೆದ ಹಾಗಿರತ್ತೆ. ‘ಐ ಹ್ಯಾವ್ ಟು ಡಿಕ್ಲೈನ್’ ಅಂದ್ರೆ ಅದೇ ವಿಷಯ, ಆದ್ರೆ ಮರ್ಯಾದೆ ಉಳಿಯತ್ತೆ. ಇದೇ ಪದಕ್ಕೆ ಕಡಿಮೆ ಆಗು, ಇಳಿ ಅನ್ನೋ ಅರ್ಥಾನೂ ಇದೆ, ‘ಸೇಲ್ಸ್ ಡಿಕ್ಲೈನ್ಡ್’ ಅಂದ್ರೆ ವ್ಯಾಪಾರ ಇಳೀತು ಅಂತ, ಸೇಲ್ಸ್ ಏನೋ ಬೇಡ ಅಂತು ಅಂತಲ್ಲ.

ರಿಜೆಕ್ಟ್‌ಗೂ ಡಿಕ್ಲೈನ್‌ಗೂ ಇರೋ ವ್ಯತ್ಯಾಸ ನಿಮ್ಮ ಫೋನಲ್ಲೇ ಇದೆ ನೋಡಿ. ತುಂಬಾ ಫೋನುಗಳಲ್ಲಿ ಕಾಲ್ ಬಂದಾಗ ಹಸಿರು ಬಟನ್ ಆಕ್ಸೆಪ್ಟ್, ಕೆಂಪು ಬಟನ್ ಡಿಕ್ಲೈನ್. ಕ್ಯಾಲೆಂಡರ್‌ನಲ್ಲಿ ಮೀಟಿಂಗ್‌ಗೆ ಕರೆದ್ರೂ ಆಕ್ಸೆಪ್ಟ್, ಡಿಕ್ಲೈನ್ ಅಂತಾನೇ ಕೇಳತ್ತೆ. ಆದ್ರೆ ವೆಬ್‌ಸೈಟ್ ಓಪನ್ ಮಾಡಿದಾಗ ಕುಕೀಸ್ (ವೆಬ್‌ಸೈಟ್ ನಮ್ಮ ಫೋನಲ್ಲೋ ಕಂಪ್ಯೂಟರಲ್ಲೋ ಇಡೋ ಚಿಕ್ಕ ಫೈಲ್‌ಗಳು) ಬಗ್ಗೆ ಕೇಳೋ ಕಡೆ ಹೆಚ್ಚಾಗಿ ‘ಆಕ್ಸೆಪ್ಟ್ ಆಲ್’, ‘ರಿಜೆಕ್ಟ್ ಆಲ್’ ಅಂತ ಇರತ್ತೆ. ಆ ಕಡೆ ಒಬ್ಬ ಮನುಷ್ಯ ಕಾಯ್ತಾ ಇದ್ದಾಗ ಮೆತ್ತಗಿನ ಪದ, ಬರೀ ಫೈಲ್ ಆದ್ರೆ ಎಸೆಯೋ ಪದ, ಹೀಗೆ ನೆನಪಿಟ್ಕೊಂಡ್ರೆ ಸುಲಭ. ಕೆಲವು ಫೋನಲ್ಲಿ ಕಾಲ್‌ಗೂ ರಿಜೆಕ್ಟ್ ಅಂತ ಇರತ್ತೆ, ಅದೂ ತಪ್ಪೇನಲ್ಲ, ಸ್ವಲ್ಪ ಒರಟು ಅಷ್ಟೇ.

ಈಗ ಡಿನೈ. ಅತಿ ಹೆಚ್ಚು ಎಡವೋದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಡಿನೈ ಅಂದ್ರೆ ಕೊಟ್ಟಿದ್ದನ್ನ ಬೇಡ ಅನ್ನೋದಲ್ಲ, ‘ಅದು ನಿಜ ಅಲ್ಲ’ ಅನ್ನೋದು. ಕನ್ನಡದ ‘ಅಲ್ಲಗಳೆ’ ಇದಕ್ಕೆ ಚೆನ್ನಾಗಿ ಹೊಂದತ್ತೆ. ಆರೋಪ ಒಪ್ಕೊಂಡ ಅನ್ನೋದಕ್ಕೆ ವಿರುದ್ಧ ಹೇಳ್ಬೇಕಾದ್ರೆ ‘ಹಿ ಡಿನೈಡ್ ದ ಚಾರ್ಜ್’. ಆದ್ರೆ ‘ಹಿ ಡಿನೈಡ್ ದ ಗಿಫ್ಟ್’ ಅಂದ್ರೆ ಗಿಫ್ಟ್ ಬೇಡ ಅಂದ ಅಂತ ಆಗಲ್ಲ, ಅಲ್ಲಿ ರೆಫ್ಯೂಸ್ಡ್ ಅಥವಾ ಡಿಕ್ಲೈನ್ಡ್ ಬರ್ಬೇಕು. ಇದಕ್ಕೆ ಇನ್ನೊಂದು ಅರ್ಥ ಇದೆ, ಯಾರಿಗಾದ್ರೂ ಏನನ್ನಾದ್ರೂ ಸಿಗದ ಹಾಗೆ ಮಾಡೋದು: ‘ದೇ ಡಿನೈಡ್ ಹಿಮ್ ಎಂಟ್ರಿ’ ಅಂದ್ರೆ ಅವನನ್ನ ಒಳಗೆ ಬಿಡ್ಲಿಲ್ಲ. ಇಲ್ಲಿ ಡಿನೈ ಮಾಡೋನು ಕೊಡೋ ಜಾಗದಲ್ಲಿ ಇರೋನು, ತಗೊಳ್ಳೋನಲ್ಲ. ನೋವನ್ನ ಒಪ್ಕೊಳ್ಳೋಕಾಗದೇ ಹೀಗಾಗೇ ಇಲ್ಲ ಅನ್ನೋ ಥರ ಇರೋರ ಬಗ್ಗೆ ‘ಇನ್ ಡಿನೈಯಲ್’ ಅಂತಾರಲ್ಲ, ಅದೂ ಇದೇ ಪದದಿಂದ ಬಂದಿದ್ದು.

ಅರ್ಥ ಗೊತ್ತಾದ್ಮೇಲೆ, ಆ ಪದ ಆದ್ಮೇಲೆ ಏನು ಬರತ್ತೆ ಅಂತಾನೂ ನೋಡ್ಬೇಕು. ರೆಫ್ಯೂಸ್ ಮತ್ತೆ ಡಿಕ್ಲೈನ್ ಆದ್ಮೇಲೆ ‘ಟು’ ಹಾಕಿ ಇನ್ನೊಂದು ವರ್ಬ್ ಹಾಕ್ಬಹುದು, ‘ರೆಫ್ಯೂಸ್ಡ್ ಟು ಗೋ’, ‘ಡಿಕ್ಲೈನ್ಡ್ ಟು ಕಾಮೆಂಟ್’. ರಿಜೆಕ್ಟ್ ಆದ್ಮೇಲೆ ಹೀಗೆ ಬರಲ್ಲ, ‘ರಿಜೆಕ್ಟೆಡ್ ಟು ಗೋ’ ತಪ್ಪು, ಅದಕ್ಕೆ ಒಂದು ನೌನ್ ಬೇಕು. ಡಿನೈ ಆದ್ಮೇಲೆ ವರ್ಬ್ ಹಾಕ್ಬೇಕಿದ್ರೆ ‘ಇಂಗ್’ ರೂಪ, ‘ಡಿನೈಡ್ ಟೇಕಿಂಗ್ ದ ಮನಿ’ ಅಂದ್ರೆ ದುಡ್ಡು ತಗೊಂಡೇ ಇಲ್ಲ ಅಂದ, ‘ರೆಫ್ಯೂಸ್ಡ್ ಟು ಟೇಕ್ ದ ಮನಿ’ ಅಂದ್ರೆ ದುಡ್ಡು ಬೇಡ ಅಂದ. ಈ ಎರಡು ವಾಕ್ಯ ಪಕ್ಕಪಕ್ಕ ಬರ್ಕೊಂಡು ಎರಡು ಸಲ ಜೋರಾಗಿ ಓದಿ, ಒಬ್ಬ ಆರೋಪಿ, ಇನ್ನೊಬ್ಬ ಪ್ರಾಮಾಣಿಕ, ಎಷ್ಟು ದೂರ ಹೋಯ್ತು ಅಂತ ನಿಮಗೇ ಗೊತ್ತಾಗತ್ತೆ.

ಮಾತಾಡೋವಾಗ ‘ಟರ್ನ್ ಡೌನ್’ ಜಾಸ್ತಿ ಕೇಳ್ಸತ್ತೆ, ಆಫರ್ ಬೇಡ ಅನ್ನೋದಕ್ಕೆ. ‘ಇಟ್’ ಬಂದ್ರೆ ಮಧ್ಯದಲ್ಲಿ ಕೂರತ್ತೆ, ‘ಟರ್ನ್ಡ್ ಇಟ್ ಡೌನ್’. ಟಿವಿ ಸೌಂಡ್ ಕಡಿಮೆ ಮಾಡೋಕೂ ಇದೇ ಪದ, ಸಂದರ್ಭ ನೋಡಿದ್ರೆ ಗೊತ್ತಾಗತ್ತೆ.

ಅನ್ ಅಥವಾ ಡಿಸ್ ಸೇರಿಸಿ ಆಪೋಸಿಟ್ ಮಾಡೋ ಅಭ್ಯಾಸ ಇಲ್ಲಿ ನಡೆಯಲ್ಲ. ಅಗ್ರೀಗೆ ಡಿಸ್‌ಅಗ್ರೀ ಇದೆ, ಟೈಗೆ ಅನ್‌ಟೈ ಇದೆ, ಆದ್ರೆ ‘ಡಿಸ್‌ಆಕ್ಸೆಪ್ಟ್’ ಅಂತ ಯಾರೂ ಹೇಳಲ್ಲ. ‘ಅನ್‌ಆಕ್ಸೆಪ್ಟಬಲ್’ ಇದೆ, ಆದ್ರೆ ಅದು ವರ್ಬ್ ಅಲ್ಲ, ಒಪ್ಪೋಕಾಗದ ವಿಷಯಕ್ಕೆ ಹೇಳೋ ವಿಶೇಷಣ. ಸುಮ್ನೆ ‘ನಾಟ್ ಆಕ್ಸೆಪ್ಟೆಡ್’ ಅಂದ್ರೂ ರಿಜೆಕ್ಟ್ ಅಂತ ಅರ್ಥ ಆಗ್ಬೇಕಿಲ್ಲ, ಇನ್ನೂ ನೋಡ್ತಾ ಇರ್ಬಹುದು, ಉತ್ತರ ಬರದೇ ಇರ್ಬಹುದು.

ಪರೀಕ್ಷೆಗೆ ಓದೋರಿಗೆ ಒಂದು ಮಾತು. ಬರೀ ಪದ ಕೊಟ್ಟು ಆಪೋಸಿಟ್ ಕೇಳಿದ್ರೆ ಆಯ್ಕೆಗಳಲ್ಲಿ ರಿಜೆಕ್ಟ್, ರೆಫ್ಯೂಸ್ ಯಾವುದಿದ್ಯೋ ಅದನ್ನ ಗುರುತು ಹಾಕಿ. ವಾಕ್ಯ ಕೊಟ್ಟಿದ್ರೆ ಮಾತ್ರ ಖಾಲಿ ಜಾಗ ಆದ್ಮೇಲೆ ‘ಟು’ ಇದ್ಯಾ, ‘ಇಂಗ್’ ಇದ್ಯಾ, ನೌನ್ ಇದ್ಯಾ ಅಂತ ನೋಡಿ ಆಮೇಲೆ ಉತ್ತರ ಬರೀರಿ. ನೌನ್ ರೂಪ ಕೇಳಿದ್ರೆ ರೆಫ್ಯೂಸಲ್, ರಿಜೆಕ್ಷನ್, ಡಿನೈಯಲ್. ಡಿಕ್ಲೈನ್‌ನ ನೌನ್ ಮಾಡಿದ್ರೆ ಇಳಿಕೆ ಅನ್ನೋ ಅರ್ಥ ಬರತ್ತೆ, ಅದನ್ನ ಬಿಟ್ಬಿಡಿ. ಹಾಗೇ ರೆಫ್ಯೂಸ್ ವರ್ಬ್ ಆದಾಗ ಒತ್ತು ಎರಡನೇ ಭಾಗದ ಮೇಲೆ, ‘ರಿಫ್ಯೂಝ್’ ಅಂತ. ಒತ್ತು ಮೊದಲಿಗೇ ಹಾಕಿ ‘ರೆಫ್ಯೂಸ್’ ಅಂದ್ರೆ ಅದು ಬೇರೆ ನೌನು, ಅರ್ಥ ಕಸ ಅಂತ.